ಬಲೂನು ಒಡೆಯುವ ಕೈ

ನನಗೆ ಎಪ್ಪತ್ತಮೂರು ವರ್ಷ. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಾನು ವೀಡಿಯೊ ಗೇಮ್ ಆಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಬೇರೆಯವರಿಂದ ನಿಮ್ಮ ಕಿವಿಗೆ ಬಿದ್ದರೆ ನನ್ನ ಬಗ್ಗೆ ಕನಿಕರ ಹುಟ್ಟೀತು. ಚಳ್ಳಕೆರೆಯಲ್ಲಿ ನನ್ನ ಓರಗೆಯ ಹೆಂಗಸರು ಆ ಹೊತ್ತಿಗೆ ಭಜನೆಗೆ ಹೋಗುತ್ತಾರೆ, ಇಲ್ಲವೇ ಸೀರಿಯಲ್ ಹಾಕಿಕೊಂಡು ಅದರೊಳಗಿನ ಅತ್ತೆಯನ್ನು ಬೈಯುತ್ತಾರೆ. ನಾನು ಕಾರು ಓಡಿಸುತ್ತೇನೆ. ನಿಜವಾದ ಕಾರಿನ ಸ್ಟಿಯರಿಂಗನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಆದರೆ ಟಿವಿಯೊಳಗಿನ ಆ ಕೆಂಪು ಕಾರನ್ನು ಬೆಟ್ಟದ ತಿರುವುಗಳಲ್ಲಿ ನಾನು ಓಡಿಸುವ ರಭಸ ನೋಡಿದರೆ, ನಲವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಗ್ರಾಮರ್ ಕಲಿಸಿದ ಹೆಂಗಸು ಇವಳೇ ಎಂದು ಯಾರೂ ನಂಬಲಾರರು.

ಆಟಕ್ಕಿಂತ ನನಗೆ ಇಷ್ಟ ಅದರ ಕಂಟ್ರೋಲರ್. ಎರಡು ಕರ್ಜಿಕಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಟಿಸಿದಂತಿರುವ ಕಪ್ಪು ವಸ್ತು. ಅಂಗೈ ತುಂಬುತ್ತದೆ. ಗುಂಡಿ ಒತ್ತಿದರೆ ಒಳಗೆ ಸಣ್ಣಗೆ ‘ಟಿಕ್’ ಎನ್ನುತ್ತದೆ, ಬೆರಳನ್ನು ಒಂದಿಷ್ಟು ತಡೆದು ಆಮೇಲೆ ದಾರಿ ಬಿಡುತ್ತದೆ. ಕಾರು ಬಂಡೆಗೆ ಗುದ್ದಿದರೆ ಇಡೀ ಕಂಟ್ರೋಲರ್ ಕೈಯಲ್ಲಿ ಗುಬ್ಬಿಮರಿಯ ಹಾಗೆ ನಡುಗುತ್ತದೆ. ಈ ವಯಸ್ಸಿನಲ್ಲಿ ನನ್ನ ತಪ್ಪಿಗೆ ನಡುಗುವವರು ಇನ್ಯಾರಿದ್ದಾರೆ ಹೇಳಿ.

ಈ ಸುಖ ಕೊಟ್ಟವಳೂ ಅದಕ್ಕೆ ಕಲ್ಲು ಹಾಕಿದವಳೂ ನನ್ನ ಮಗಳು ರೋಹಿಣಿ. ಅವಳು ಫಿಸಿಯೋಥೆರಪಿಸ್ಟ್, ನಮ್ಮ ಮನೆಯ ಮುಂದಿನ ರೂಮೇ ಅವಳ ಕ್ಲಿನಿಕ್ಕು. ಕತ್ತು ಹಿಡಿದ ಎಣ್ಣೆ ಮಿಲ್ಲಿನವರು, ಸೊಂಟ ಹಿಡಿದ ದೇವಸಮುದ್ರದ ಕುರಿಗಾಹಿಗಳು, ಕಂಪ್ಯೂಟರಿನ ಮುಂದೆ ಕೂತು ಕೂತು ಭುಜ ಹಿಡಿದ ಕುದಾಪುರದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ‘ಹ್ಞಾ, ಅಲ್ಲೇ ಅಲ್ಲೇ’ ಎನ್ನುತ್ತಾರೆ. ನೋವಿನಂಥ ಸೋಷಿಯಲಿಸ್ಟ್ ಇನ್ನೊಂದಿಲ್ಲ. ಪೇಷಂಟುಗಳಿಗೆ ವ್ಯಾಯಾಮ ಬೇಜಾರಾಗದಿರಲೆಂದು ಅವಳು ಯಾರಿಂದಲೋ ಸೆಕೆಂಡ್ ಹ್ಯಾಂಡ್ ಗೇಮ್ ಮೆಷಿನ್ ಕೊಂಡು ತಂದಳು. ಅದಕ್ಕೊಂದು ಕ್ಯಾಮರಾ, ಟಿವಿಯ ಕೆಳಗೆ ಕೂತು ನಮ್ಮನ್ನು ನೋಡುತ್ತದೆ. ನಾವು ಏನನ್ನೂ ಹಿಡಿಯಬೇಕಾಗಿಲ್ಲ. ಬರಿಗೈಯನ್ನು ಗಾಳಿಯಲ್ಲಿ ಬೀಸಿದರೆ ಟಿವಿಯಲ್ಲಿ ಬಲೂನು ಒಡೆಯುತ್ತದೆ. ಹಳೆಯ ಕಂಟ್ರೋಲರ್ ಅದೇ ಡಬ್ಬದಲ್ಲಿ ಸುಮ್ಮನೆ ಜೊತೆಗೆ ಬಂದಿತ್ತು. ಹಾಗೆ ಅದು ನನ್ನ ಪಾಲಾಯಿತು.

“ಮಮ್ಮಿ, ಎಂಜಾಯ್ ಮಾಡಿಬಿಡು. ಇನ್ನು ಕೆಲವು ವರ್ಷಕ್ಕೆ ನಿನ್ನ ಕಂಟ್ರೋಲರ್ ಮ್ಯೂಸಿಯಮ್ಮಿಗೆ ಹೋಗತ್ತೆ. ಮುಂದೆ ಎಲ್ಲಾ ಮೋಷನ್ನೇ, ಬರಿಗೈ ಬೀಸೋದೇ,” ಅಂದಳು.

“ನಾನೂ ಅಲ್ಲಿಗೇ ಹೊರಟವಳು. ಜೊತೆಯಾಯಿತು ಬಿಡು,” ಅಂದೆ.

ಆದರೂ ಅವಳ ಬಲವಂತಕ್ಕೆ ಒಮ್ಮೆ ಬಲೂನಿನ ಮುಂದೆ ನಿಂತೆ. ಒಂದೂ ಒಡೆಯಲಿಲ್ಲ. ಕಾರಣ ನನಗೆ ಗೊತ್ತು, ಹೇಳಿದರೆ ನೀವು ನಗುತ್ತೀರಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ನಡೆ ನಿಲುವು ಕಲಿಸುವ ಡಿಪೋರ್ಟ್‌ಮೆಂಟ್ ಎಂಬ ಪೀರಿಯಡ್ ಇತ್ತು. ಸಿಸ್ಟರ್ ಬರ್ನಡೆಟ್ ಎಂಬ ಕಡ್ಡಿಯಂಥ ಸನ್ಯಾಸಿನಿ ನಮ್ಮ ತಲೆಯ ಮೇಲೆ ಪುಸ್ತಕವಿಟ್ಟು ನಡೆಸುತ್ತಿದ್ದರು. ಮಾತಾಡುವಾಗ ಕೈ ಆಡಿಸಿದರೆ ಬೆರಳ ಗೆಣ್ಣಿಗೆ ರೂಲರಿನ ಏಟು. “ಯಂಗ್ ಲೇಡೀಸ್ ಡು ನಾಟ್ ವೇವ್ ದೇರ್ ಆರ್ಮ್ಸ್ ಅಬೌಟ್!” ಅರವತ್ತು ವರ್ಷವಾದರೂ ನನ್ನ ಮೊಣಕೈಗಳು ಪಕ್ಕೆ ಬಿಟ್ಟು ಏಳುವುದಿಲ್ಲ. ಹಾಗೆ ಪಕ್ಕೆಗಂಟಿದ ಮೊಣಕೈಯಲ್ಲಿ ನಾನು ಬಲೂನಿಗೆ ಕೈ ಮಾಡಿದ್ದು ಆ ಕ್ಯಾಮರಾಕ್ಕೆ ಕಾಣಿಸಲೇ ಇಲ್ಲ. ‘ಪ್ಲೇಯರ್ ನಾಟ್ ಫೌಂಡ್’ ಎಂದು ಟಿವಿಯ ಮೇಲೆ ಬರೆಯಿತು. ಇಷ್ಟು ಸ್ಪಷ್ಟವಾಗಿ ನನ್ನ ಸ್ಥಿತಿಯನ್ನು ಯಾರೂ ನನಗೆ ಹೇಳಿರಲಿಲ್ಲ.

ಯೋಚಿಸಿ ನೋಡಿದರೆ ಇದು ಆಟದ ವಿಷಯವಷ್ಟೇ ಅಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ನಲ್ಲಿಗೆ ತಿರುಪು ಇಲ್ಲ; ಕೈ ತೋರಿಸಿ ಭಿಕ್ಷೆ ಬೇಡುವವರ ಹಾಗೆ ನಿಲ್ಲಬೇಕು, ಅದರ ಮನಸ್ಸಿಗೆ ಬಂದರೆ ನೀರು. ಬಾಗಿಲು ದೂಡಬೇಕಾಗಿಲ್ಲ, ಹತ್ತಿರ ಹೋದರೆ ತಾನೇ ತೆರೆದುಕೊಳ್ಳುತ್ತದೆ. ರೇಡಿಯೋದ ತಿರುಗಣೆ, ಟೆಲಿಫೋನಿನ ಡಯಲ್ಲು, ಬಾವಿಯ ಹಗ್ಗ, ಇವೆಲ್ಲ ಕೈಗೆ ಸ್ವಲ್ಪ ಎದುರಾಡುತ್ತಿದ್ದವು. ಆ ಎದುರಾಟದಲ್ಲೇ ಕೈಗೆ ತಾನಿದ್ದೇನೆ ಎಂದು ಗೊತ್ತಾಗುತ್ತಿತ್ತು. ನಮ್ಮ ಹಿರಿಯರು ಪೂಜೆಯಲ್ಲಿ ಎರಡು ಬಗೆ ಮಾಡಿಟ್ಟಿದ್ದಾರೆ. ಹೂವು, ಗಂಧ, ಗಂಟೆ ಇಟ್ಟುಕೊಂಡು ಮಾಡುವುದು ಒಂದು. ಕಣ್ಣು ಮುಚ್ಚಿ ಇಲ್ಲದ ಹೂವನ್ನು ಇಲ್ಲದ ಬುಟ್ಟಿಯಿಂದ ತೆಗೆದು ಏರಿಸುವ ಮಾನಸ ಪೂಜೆ ಇನ್ನೊಂದು. ಮಾನಸ ಪೂಜೆಯೇ ಶ್ರೇಷ್ಠ ಎನ್ನುತ್ತಾರೆ, ಇರಬಹುದು. ಆದರೆ ಗಂಟೆಗೆ ತೂಕ ಇರುವುದರಿಂದಲೇ ಅಲ್ಲವೇ ಅದು ಸದ್ದು ಮಾಡುವುದು? ನನ್ನಂಥ ಸಾಧಾರಣ ಭಕ್ತೆಗೆ ಕೈಯಲ್ಲಿ ಏನಾದರೂ ಇರಬೇಕು.

ಹೀಗೆ ನಾನು ಮನೆಯಲ್ಲೇ ಕೂತು ಕಂಟ್ರೋಲರಿನ ಪರ ವಾದ ಹೂಡುತ್ತಿದ್ದಾಗ ಆಂಜಿನಪ್ಪ ಬಂದರು. ಆಮೇಲೆ ಅದು ನನಗೆ ವಾದವಾಗಿ ಉಳಿಯಲಿಲ್ಲ.

ಆಂಜಿನಪ್ಪ ಮೊಳಕಾಲ್ಮುರಿನ ರೇಷ್ಮೆ ನೇಕಾರರು, ಅರವತ್ತರ ಹತ್ತಿರದವರು. ರೋಹಿಣಿಯ ಮದುವೆಯ ಸೀರೆ ಅವರ ಮಗ್ಗದ್ದು, ಹಾಗಾಗಿ ಹಳೆಯ ಪರಿಚಯ. ಲಕ್ವ ಹೊಡೆದು ಬಲಗೈ ಸತ್ತಂತಾಗಿತ್ತು. ದೊಡ್ಡಾಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ವ್ಯಾಯಾಮವೇ ಮದ್ದು ಅಂದಿದ್ದರು. ವಾರಕ್ಕೆರಡು ಸಲ ಹೆಂಡತಿ ನರಸಕ್ಕನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ನರಸಕ್ಕ ಗಂಡನಿಗಿಂತ ಮೊದಲು ಮೆಟ್ಟಿಲು ಹತ್ತಿ, ತಿರುಗಿ, “ರಾಂಡಿ, ಬರ್ರಿ, ಕಾಲ್ ಎತ್ತಿಡ್ರಿ, ಮೆಟ್ಲೇನು ನಿಮ್ಗೆ ದಾರಿ ಬಿಡ್ತೈತಾ?” ಎಂದು ತೆಲುಗು ಕನ್ನಡ ಬೆರೆಸಿ ಗದರಿಸುತ್ತಿದ್ದರು. ಮನೆಮಾತು ತೆಲುಗು, ಗದರಿಕೆಗೆ ಮಾತ್ರ ಎರಡೂ ಭಾಷೆ ಬೇಕು.

ಆಂಜಿನಪ್ಪನವರಿಗೆ ಕೈ ವಾಪಸ್ಸು ಬೇಕಾಗಿದ್ದುದು ಊಟ ಮಾಡಲು, ಶರಟು ಹಾಕಿಕೊಳ್ಳಲು ಅಲ್ಲ. ಅದಕ್ಕೆಲ್ಲ ಎಡಗೈ ಸಾಕು ಅಂದಿದ್ದರು. ಲಕ್ವ ಹೊಡೆದ ದಿನ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ಗಿಣಿಹಸಿರು ಮೈ, ಕುಂಕುಮದ ಅಂಚು. “ಅದನ್ನ ಮುಗ್ಸಿ ಇಳಿಸ್ಬೇಕು ಡಾಕ್ಟ್ರಮ್ಮ. ಆಮೇಲೆ ಕೈ ಇರ್ಲಿ ಹೋಗ್ಲಿ,” ಎಂದು ಮೊದಲ ದಿನವೇ ರೋಹಿಣಿಗೆ ಹೇಳಿದರು. ಬೇರೆ ಯಾರಾದರೂ ನೇಯ್ದು ಮುಗಿಸಬಾರದೇ ಎಂದು ನಾನು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ, ಅರ್ಧ ಬರೆದ ಪತ್ರವನ್ನು ಬೇರೆಯವರ ಕೈಯಲ್ಲಿ ಮುಗಿಸಲು ಹೇಳಿದವಳಂತೆ ನಾನು ನಾಚಿಕೊಂಡೆ.

ರೋಹಿಣಿ ಅವರನ್ನು ಬಲೂನಿನ ಮುಂದೆ ನಿಲ್ಲಿಸಿದಳು. ಕ್ಯಾಮರಾ ಅವರ ದೇಹವನ್ನು ಕಡ್ಡಿಗೊಂಬೆಯಾಗಿ ಟಿವಿಯಲ್ಲಿ ತೋರಿಸಿತು. “ಅಯ್ಯೋ ದೇವುಡಾ! ಇದೇನಮ್ಮಾ, ನಮ್ಮನೆಯೋರ್ನ ಬರೀ ಎಲುಬು ಮಾಡಿ ನಿಲ್ಸೈತೆ!” ಎಂದು ನರಸಕ್ಕ ಬಾಯಿಗೆ ಸೆರಗು ಹಿಡಿದರು. ಆಂಜಿನಪ್ಪನವರಿಗೂ ಒಂದೂ ಬಲೂನು ಒಡೆಯಲಿಲ್ಲ. ನನ್ನ ಕಾಯಿಲೆಯೇ, ಆದರೆ ಬೇರೆ ಸ್ಕೂಲಿನದು. ನೇಕಾರ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಮೈ ಅಲುಗದಂತೆ, ಮಣಿಕಟ್ಟಿನ ಒಂದು ಚಿಮ್ಮಿನಲ್ಲಿ ಲಾಳಿ ಎಸೆಯುವವನು. ಭುಜ ಎತ್ತಿದರೆ ಗುರು ಕತ್ತಿಗೆ ಹೊಡೆಯುತ್ತಿದ್ದನಂತೆ. ಚಿಕ್ಕಂದಿನಿಂದ ದೊಡ್ಡ ಚಲನೆಯನ್ನೆಲ್ಲ ಸವೆಸಿ ಸವೆಸಿ, ಬರೀ ಬೇಕಾದಷ್ಟನ್ನು ಉಳಿಸಿಕೊಂಡ ಕೈ ಅದು. ಈಗ ಮೆಷಿನ್ನು, ಇಲ್ಲ, ನೀನು ಕೊಡೆ ಹಾರಿಹೋದವನ ಹಾಗೆ ತೋಳು ಬೀಸಬೇಕು ಎನ್ನುತ್ತಿತ್ತು.

“ಇದು ಕೂಲಿಯೋರ ಆಟ ಟೀಚರಮ್ಮ,” ಅಂದರು ನನಗೆ, ಗುಟ್ಟಿನಲ್ಲಿ. “ಹಿಂಗೆ ಬೀಸಿದ್ರೆ ಲಾಳಿ ರಾಂಪುರದಾಗೆ ಬೀಳ್ತೈತೆ.”

ಆದರೆ ಕಲಿತರು. ಎರಡು ತಿಂಗಳಲ್ಲಿ ಎಂಥ ಬೀಸು ಅಂತೀರಿ! ಸೊಂಟ ತಿರುಗಿಸಿ, ಭುಜ ಎತ್ತಿ, ಸತ್ತ ಕೈಯನ್ನು ಕವಣೆಯಂತೆ ಎಸೆದು ಬಲೂನುಗಳನ್ನು ಸಾಲಾಗಿ ಒಡೆದರು. ಸ್ಕೋರು ಏರಿತು. ಬೆಂಚಿನ ಮೇಲಿನವರು ಚಪ್ಪಾಳೆ ತಟ್ಟಿದರು. ಮುಖಕ್ಕೆ ಕಳೆ ಬಂತು, ನಡಿಗೆ ನೆಟ್ಟಗಾಯಿತು, ಮೆಟ್ಟಿಲ ಮೇಲೆ ನರಸಕ್ಕನ ಗದರಿಕೆ ನಿಂತಿತು. ಒಂದು ದಿನ ಒಂದೂ ಬಲೂನು ತಪ್ಪಲಿಲ್ಲ. ಟಿವಿಯಲ್ಲಿ ಬಣ್ಣದ ಕಾಗದ ಉದುರಿ, ನಕ್ಷತ್ರಗಳು ಸಿಡಿದು, ‘ಎಕ್ಸಲೆಂಟ್’ ಎಂದು ಬಂತು.

ಆಂಜಿನಪ್ಪ ಬೆವರೊರೆಸಿಕೊಂಡು, “ಡಾಕ್ಟ್ರಮ್ಮ, ಬರೋ ಗುರುವಾರ ಮಗ್ಗಕ್ಕಿಳೀತೀನಿ. ತಾಯಿ ಮಗ್ಳು ಇಬ್ರೂ ಬರ್ಬೇಕು,” ಅಂದರು. ನರಸಕ್ಕ ಅಳುತ್ತ ನಕ್ಕರು.

ನಾನು ಅವರಿಗೆ ಕಾಫಿ ಕೊಟ್ಟೆ. ಅವರು ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ತೊಡೆಯ ಮೇಲೆ ಬಾಳೆಹೂವಿನ ಹಾಗೆ ಮಡಿಸಿಕೊಂಡು ಬಿದ್ದಿತ್ತು.

ಅವರು ಹೋದ ಮೇಲೆ ರೋಹಿಣಿಯನ್ನು ಕೇಳಿದೆ. ಅವಳು ಬೆಡ್‌ಶೀಟ್ ಮಡಿಸುತ್ತ ನನ್ನ ಮುಖ ನೋಡದೆ ಹೇಳಿದಳು: “ಬೆರಳು ಬಂದಿಲ್ಲ ಮಮ್ಮಿ. ಭುಜದಿಂದ ಮ್ಯಾನೇಜ್ ಮಾಡ್ತಿದಾರೆ. ಕ್ಯಾಮರಾ ತೋಳನ್ನ ನೋಡತ್ತೆ, ಬೆರಳು ಅದಕ್ಕೆ ಕಾಣಲ್ಲ.”

“ಅವರಿಗೆ ಹೇಳಿದ್ದೀಯಾ?”

“ಹೇಳ್ತಾನೇ ಇದೀನಿ. ಅವರು ಸ್ಕೋರ್ ನೋಡ್ತಾರೆ, ನನ್ನ ಮಾತು ಕೇಳಲ್ಲ. ಆದರೆ ನಡೀತಿದಾರೆ, ನಗ್ತಿದಾರೆ. ಅದೂ ಒಂದು ಇಂಪ್ರೂವ್‌ಮೆಂಟೇ ಅಲ್ವಾ?”

ಅಲ್ಲ ಅನ್ನಲು ನಾನ್ಯಾರು? ಆದರೆ ನಾನು ಟೀಚರು. ಫೇಲಾಗುವ ಹುಡುಗಿಯನ್ನು ಪಬ್ಲಿಕ್ ಪರೀಕ್ಷೆಗೆ ಮೊದಲು ಮನೆಗೆ ಕರೆದು ಒಂದು ಪೇಪರ್ ಬರೆಸುವುದು ನನ್ನ ಹಳೆಯ ಚಟ. ಮಂಗಳವಾರ ಆಂಜಿನಪ್ಪ ಬಂದಾಗ, ರೋಹಿಣಿ ಒಳಗೆ ಇನ್ನೊಬ್ಬರ ಮೊಣಕಾಲು ನೋಡುತ್ತಿದ್ದಳು. ನಾನು ನನ್ನ ಕಂಟ್ರೋಲರನ್ನು ಅವರ ಎರಡೂ ಕೈಗಿಟ್ಟೆ. “ಇಲ್ಲಿ ಬಲಗಡೆ ಹೆಬ್ಬೆರಳಲ್ಲಿ ಈ ಗುಂಡಿ ಒತ್ತಿ. ಕಾರು ಹೋಗುತ್ತದೆ,” ಅಂದೆ.

ಅವರು ಮೊದಲು ಅದನ್ನು ತೂಗಿ ನೋಡಿದರು. ಎಡಗೈ ಬೆರಳಿಂದ ಗುಂಡಿಗಳನ್ನೆಲ್ಲ ಸವರಿ, ಒತ್ತಿ, ಆ ‘ಟಿಕ್’ ಕೇಳಿ, “ಎದ್ರು ಒತ್ತೈತೆ!” ಎಂದು ಖುಷಿಪಟ್ಟರು. ಆಮೇಲೆ ಬಲ ಹೆಬ್ಬೆರಳು. ಕೆಂಪು ಕಾರು ರಸ್ತೆಯ ಮೇಲೆ ಇಂಜಿನ್ ಗುರುಗುಟ್ಟಿಸುತ್ತ ನಿಂತೇ ಇತ್ತು. ಅಕ್ಕಪಕ್ಕದ ಕಾರುಗಳೆಲ್ಲ ಹೋದವು. ಅವರು ಭುಜ ಎತ್ತಿದರು, ಸೊಂಟ ತಿರುಗಿಸಿದರು, ತುಟಿ ಕಚ್ಚಿದರು. ಹೆಬ್ಬೆರಳು ಗುಂಡಿಯ ಮೇಲೆ ಸತ್ತ ಮೀನಿನ ಹಾಗೆ ಮಲಗಿತ್ತು. ರೇಸು ಮುಗಿಯಿತು. ಟಿವಿ ದೊಡ್ಡ ಸೊನ್ನೆ ತೋರಿಸಿತು.

ಆಂಜಿನಪ್ಪ ಕಂಟ್ರೋಲರನ್ನು ಎಡಗೈಯಲ್ಲಿ ನನಗೆ ಹಿಂದಿರುಗಿಸಿ, “ಇದಕ್ಕೆ ಸುಳ್ಳು ಹೇಳಾಕ್ ಬರಲ್ಲ, ಅಲ್ವಾ ಟೀಚರಮ್ಮ?” ಅಂದರು. ನರಸಕ್ಕ, “ಮೊದ್ಲ ಸಲ ಅಲ್ವೇನ್ರಿ, ಯಾರ್ಗೂ ಬರಲ್ಲ. ಅಮ್ಮೋರಿಗೂ ಮೊದ್ಲು ಬಂದಿರ್ಲಿಕ್ಕಿಲ್ಲ,” ಎಂದು ನನ್ನನ್ನು ನೋಡಿದರು. ನಾನು ಹೌದು ಹೌದು ಅಂದೆ. ನನಗೆ ಮೊದಲ ದಿನವೇ ಬಂದಿತ್ತು.

ರೋಹಿಣಿ ಆ ದಿನ ನನ್ನೊಡನೆ ಮಾತು ಬಿಟ್ಟಳು. ಬಿಡುವ ಮೊದಲು ಒಂದೇ ಮಾತು ಆಡಿದಳು: “ಅವರಿಗಿನ್ನೂ ಎರಡು ದಿನ ಸಂತೋಷ ಇತ್ತು ಮಮ್ಮಿ. ಅದನ್ನ ಯಾಕೆ ಕಿತ್ಕೊಂಡೆ?” ಸತ್ಯ ಹೇಳುವ ವಸ್ತುವಿನ ಬಗ್ಗೆ ನನಗಿದ್ದ ಪ್ರೀತಿಯಲ್ಲಿ ಒಂದು ಬಗೆಯ ಕ್ರೌರ್ಯ ಇದೆಯೆಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಕಲಿಯುವುದು ಸುಲಭವಲ್ಲ. ಕೆಂಪು ಶಾಯಿಯಲ್ಲಿ ಎಷ್ಟು ಸೊನ್ನೆ ಹಾಕಿದ್ದೇನೆ ನಾನು, ಎಷ್ಟು ದುಂಡಗೆ!

ಆದರೂ ಗುರುವಾರ ಅವರು ಮಗ್ಗಕ್ಕಿಳಿದರು. ಹೇಳಿದ ಮಾತು ಹೇಳಿದ್ದೇ. ರೋಹಿಣಿಯ ಕಾರಿನಲ್ಲಿ ನಾವಿಬ್ಬರೂ ಮೊಳಕಾಲ್ಮುರಿಗೆ ಹೋದೆವು. ಬೀದಿಗೆ ಕಾಲಿಟ್ಟರೆ ಎರಡೂ ಬದಿಯ ಮನೆಗಳಿಂದ ಮಗ್ಗದ ಲಟಕ್ ಪಟಕ್. ಅವರ ಮನೆಯಿಂದ ಮಾತ್ರ ಇಲ್ಲ.

ಅಲ್ಲಿಯ ಕೆಲಸದ ಕ್ರಮವನ್ನು ಒಂದು ಮಾತು ಹೇಳಬೇಕು. ಅಂಚಿಗೊಂದು ಬಣ್ಣ, ಮೈಗೊಂದು ಬಣ್ಣದ ಆ ಸೀರೆಗೆ ಮೂರು ಲಾಳಿ ಬೇಕು: ಮೈಗೆ ಒಂದು, ಎರಡು ಅಂಚಿಗೆ ಒಂದೊಂದು. ಬಲ ಅಂಚಿನ ಲಾಳಿ ಆಡಿಸಲು ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಮೂವತ್ತೈದು ವರ್ಷ ಆ ಜಾಗದಲ್ಲಿ ಕೂತವರು ನರಸಕ್ಕ. ಗಂಡನ ಬಲಗೈಯ ಪಕ್ಕದಲ್ಲಿ, ಅವರ ಉಸಿರಿಗೆ ಉಸಿರು ಸೇರಿಸಿ. ಅಂದೂ ಇಬ್ಬರೂ ಮಗ್ಗಕ್ಕೆ ಕೈಮುಗಿದು ಕೂತರು. ಆಂಜಿನಪ್ಪ ಎಡಗೈಯಿಂದ ಬಲಗೈಯನ್ನೆತ್ತಿ ಲಾಳಿಯ ಮೇಲಿಟ್ಟರು. ಕಾಲು ಕೆಳಗಿನ ಹಲಗೆ ಒತ್ತಿತು, ಎಳೆಗಳು ಬಾಯಿ ತೆರೆದವು. ಅವರು ಬೀಸಿದರು. ಭುಜದಿಂದ, ಸೊಂಟದಿಂದ, ಬಲೂನಿಗೆ ಬೀಸಿದ ಹಾಗೆ. ಲಾಳಿ ಒಂದು ಗೇಣು ಹೋಗಿ ಎಳೆಗಳ ನಡುವೆ ನಿಂತಿತು, ಒಂದಷ್ಟು ಎಳೆ ಕಡಿದುಕೊಂಡು.

ಎಳೆ ಗಂಟು ಹಾಕಿ ಮತ್ತೆ. ಮತ್ತೆ. ನಾಲ್ಕನೆಯ ಸಲಕ್ಕೆ ನರಸಕ್ಕ ಕೈ ಚಾಚಿ, ಗಂಡನ ಬಲಗೈ ಮಾಡಬೇಕಾದ್ದನ್ನು ತಾವು ಮಾಡಿದರು. ಲಾಳಿ ಹೋಯಿತು! ಎಡಗೈ ಹಿಡಿಯಿತು, ಹಿಂದಕ್ಕೆಸೆಯಿತು, ನರಸಕ್ಕ ಹಿಡಿದರು. ಹೀಗೆ ಎರಡು ಬೆರಳಗಲ ನೇಯ್ದರು ಇಬ್ಬರೂ, ಒಂದೇ ಮೈಯ ಎರಡು ಕೈಗಳ ಹಾಗೆ. ರೋಹಿಣಿ ನನ್ನ ಕೈ ಹಿಡಿದುಕೊಂಡಳು. ನಾನು ದೇವರನ್ನು ನಂಬುವುದಕ್ಕೆ ಸಿದ್ಧಳಾಗಿದ್ದೆ.

ಆಂಜಿನಪ್ಪ ನಿಲ್ಲಿಸಿ, ನೇಯ್ದಿದ್ದರ ಮೇಲೆ ಎಡಗೈ ಸವರಿದರು. ನಮಗೆ ಏನೂ ಕಾಣಲಿಲ್ಲ. ಅವರು ಕಿಟಕಿಯ ಬೆಳಕಿಗೆ ಬಗ್ಗಿಸಿ ತೋರಿಸಿದರು. ಹಳೆಯದಕ್ಕೂ ಹೊಸದಕ್ಕೂ ನಡುವೆ, ಗಿಣಿಹಸಿರಿನ ಮೇಲೆ, ಒಂದು ಮಬ್ಬು ಗೆರೆ. ಎಳೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ.

“ಯಾರ್ಗೂ ಕಾಣಲ್ರಿ ಅದು,” ಅಂದರು ನರಸಕ್ಕ.

“ಉಡೋರಿಗೆ ಕಾಣಲ್ಲ. ಮಗ್ಗಕ್ಕೆ ಕಾಣ್ತೈತೆ.”

“ಮಗ್ಗ ಯಾರ್ಗ್ ಹೇಳ್ತೈತೆ? ನಾನ್ ಹೇಳಲ್ಲ, ನೀವ್ ಹೇಳ್ಬೇಡ್ರಿ.”

“ನರಸೀ,” ಅಂದರು ಅವರು, ಬಹಳ ಮೆತ್ತಗೆ. “ಕತ್ರಿ ಕೊಡು.”

ನರಸಕ್ಕ ಕೊಡಲಿಲ್ಲ. ಅವರೇ ಗುಂಡಿಯಿಂದ ಮೇಲೆ ಬಂದು, ಗೂಡಿನಿಂದ ಕತ್ತರಿ ತಂದು, ಎಡಗೈಯಲ್ಲಿ ಅಡ್ಡಾದಿಡ್ಡಿಯಾಗಿ ಮಗ್ಗದ ಎಳೆಗಳನ್ನೆಲ್ಲ ಕತ್ತರಿಸಿ, ಅರ್ಧ ಸೀರೆಯನ್ನು ಅರ್ಧಕ್ಕೇ ಇಳಿಸಿದರು. ಬಿಗಿಯಾಗಿ ಕಟ್ಟಿದ್ದ ರೇಷ್ಮೆ ಎಳೆ ಕತ್ತರಿಸಿದರೆ ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ರೋಹಿಣಿಯ ಭವಿಷ್ಯವಾಣಿ ನಿಜವಾಗುತ್ತದೆಯೇ ಎಂದು ನೀವು ಕೇಳಿದರೆ, ಆಗುತ್ತದೆ ಎಂದೇ ಈಗ ನನ್ನ ಉತ್ತರ. ಮೋಷನ್ನೇ ಗೆಲ್ಲುತ್ತದೆ. ಅದು ಉತ್ತಮ ಎಂದಲ್ಲ, ಅದು ದಯಾಳು. ಯಾರ ಕೈಯಿಂದಲೂ ಅದು ಏನನ್ನೂ ಕೇಳುವುದಿಲ್ಲ. ದಿನಾ ಆಡುತ್ತೇನೆ ಎಂದು ಮೊದಲು ಹೇಳಿದ್ದು ಬಾಯಿ ಅಭ್ಯಾಸ; ನನ್ನ ಕರ್ಜಿಕಾಯಿ ಕಂಟ್ರೋಲರನ್ನು ಅಂದಿನಿಂದ ನಾನು ಮುಟ್ಟಿಲ್ಲ. ಮಧ್ಯಾಹ್ನ ಮೂರಕ್ಕೆ ಈಗ ಸುಮ್ಮನೆ ಕೂರುತ್ತೇನೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು.

ಕಳೆದ ಸೋಮವಾರ ಅಮಾವಾಸ್ಯೆ. ನೇಕಾರರಿಗೆ ಅಂದು ಮಗ್ಗಕ್ಕೆ ಪೂಜೆ ಉಂಟು, ಕೆಲಸ ಇಲ್ಲ. ಲಕ್ವ ಹೊಡೆದ ಮೇಲೂ ಆಂಜಿನಪ್ಪ ಆ ನೇಮ ಬಿಟ್ಟಿರಲಿಲ್ಲ. ರೋಹಿಣಿ ದಿನ ಗೊತ್ತು ಮಾಡುವಾಗ, “ಅವತ್ತು ಅಮಾಸಿ ಡಾಕ್ಟ್ರಮ್ಮ, ಅವತ್ತು ಈ ಕೈ ಕೆಲ್ಸ ಮಾಡಂಗಿಲ್ಲ,” ಎನ್ನುತ್ತಿದ್ದರು. ಹೇಗೂ ಕೆಲಸ ಮಾಡದ ಕೈಗೆ ರಜೆ! ನಾವು ತಾಯಿ ಮಗಳು ಅಡಿಗೆಮನೆಯಲ್ಲಿ ನಗುತ್ತಿದ್ದೆವು. ಹಾಗಾಗಿ ಸೋಮವಾರ ಅವರನ್ನು ಯಾರೂ ಕಾದಿರಲಿಲ್ಲ. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಇಬ್ಬರೂ ನಿಂತಿದ್ದರು.

“ಇವತ್ತು ಅಮಾವಾಸ್ಯೆ ಅಲ್ವಾ ಆಂಜಿನಪ್ಪ?” ಅಂದಳು ರೋಹಿಣಿ.

“ಹೌದಮ್ಮ,” ಅಂದರು ಅವರು. “ಹಾಕ್ರಿ ಬಲೂನು.”

ನರಸಕ್ಕ ಒಳಗೆ ಬರಲಿಲ್ಲ, ಜಗಲಿಯಲ್ಲೇ ಕೂತರು. ಆಂಜಿನಪ್ಪ ಆಡಿದರು. ಎಲ್ಲವನ್ನೂ ಒಡೆದರು. ಟಿವಿಯಲ್ಲಿ ಕಾಗದ ಉದುರಿತು, ನಕ್ಷತ್ರ ಸಿಡಿಯಿತು.

“ಏನಂತ ಬರ್ದೈತೆ ಟೀಚರಮ್ಮ ಅದು? ಅವತ್ತೂ ಬಂದಿತ್ತು, ಕೇಳಾದೇ ಮರ್ತಿದ್ದೆ.”

“ಎಕ್ಸಲೆಂಟ್ ಅಂತ. ಭೇಷ್ ಅಂತ ಅರ್ಥ.”

ಅವರು ಟಿವಿಯ ಕೆಳಗಿನ ಆ ಸಣ್ಣ ಕ್ಯಾಮರಾವನ್ನು ಒಂದು ಗಳಿಗೆ ನೋಡಿದರು, ಹೊಸದಾಗಿ ಮನೆಗೆ ಬಂದ ಮಗುವನ್ನು ನೋಡುವ ಹಾಗೆ.

“ಪಾಪ,” ಅಂದರು, “ಅದಕ್ಕೇನ್ ಗೊತ್ತು. ಇನ್ನೊಂದಾಟ ಹಾಕ್ರಿ.”